ಕೈಯಿಂದ ಮಾಡಿದ ಸಾಬೂನು ಕೆಟ್ಟಾಗ: ಲಕ್ಷಣ ನೋಡಿ ಸಾಮಗ್ರಿಯ ದೋಷ ಹಿಡಿಯುವ ಬಗೆ

ಸಾಬೂನು ಸರಿಯಾಗಿ ಬರದಿದ್ದರೆ ಹೆಚ್ಚಿನವರು ಮೊದಲು ದೂರುವುದು ಕಲಕಿದ ರೀತಿಯನ್ನು, ಅಚ್ಚನ್ನು ಅಥವಾ ಆ ದಿನದ ಹವೆಯನ್ನು. ನಾನು ಕಂಡಂತೆ ಬಹುಪಾಲು ದೋಷಗಳ ಬೇರು ಇರುವುದು ಅದಕ್ಕೂ ಹಿಂದೆ, ಸಾಮಗ್ರಿಯನ್ನು ಆರಿಸುವ ಮತ್ತು ತೂಗುವ ಹಂತದಲ್ಲಿ. ಎಣ್ಣೆ, ಕಾಸ್ಟಿಕ್ ಸೋಡಾ, ನೀರು ಈ ಮೂರೇ ಮುಖ್ಯ. ಸುವಾಸನೆ, ಬಣ್ಣ, ಹಾಲು, ಜೇನು ಎಲ್ಲ ಆಮೇಲಿನವು. ಇವುಗಳಲ್ಲಿ ಯಾವುದು ತಪ್ಪಿದೆ ಎಂಬುದರ ಗುರುತು ಸಾಮಾನ್ಯವಾಗಿ ಬಿಲ್ಲೆಯ ಮೇಲೆಯೇ ಸಿಗುತ್ತದೆ. ಅದನ್ನು ಓದಲು ಕಲಿತರೆ, ಒಂದು ದೋಷವನ್ನು ಮುಚ್ಚಲು ಇನ್ನೊಂದು ವಸ್ತುವನ್ನು ಸುರಿಯುವ ಚಾಳಿ ತಪ್ಪುತ್ತದೆ.

ಇಲ್ಲಿ ಹೇಳಿರುವುದು ಬೇಯಿಸದೆ ಮಾಡುವ ಬಿಲ್ಲೆ ಸಾಬೂನಿಗೆ ಸಂಬಂಧಿಸಿದ್ದು: ಕಾಸ್ಟಿಕ್ ಸೋಡಾದ ದ್ರಾವಣವನ್ನು ಎಣ್ಣೆಗೆ ಬೆರೆಸಿ, ಅಚ್ಚಿಗೆ ಸುರಿದು, ಒಂದೆರಡು ದಿನಕ್ಕೆ ಕತ್ತರಿಸಿ, ನಾಲ್ಕರಿಂದ ಆರು ವಾರ ಗಾಳಿಯಾಡುವ ಜಾಗದಲ್ಲಿ ಮಾಗಿಸುವ ಕ್ರಮ.

ಕೈ ಹಾಕುವ ಮುನ್ನ

ಕಾಸ್ಟಿಕ್ ಸೋಡಾ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಕೆಟ್ಟ ಸಾಬೂನಿನಲ್ಲಿ ಅದು ಎಣ್ಣೆಯೊಡನೆ ಕೂಡದೆ ಹಾಗೆಯೇ ಉಳಿದಿರಬಹುದು. ಆದ್ದರಿಂದ ದೋಷ ಯಾವುದೆಂದು ಗೊತ್ತಾಗುವವರೆಗೆ ಬಿಲ್ಲೆಯನ್ನು ರಬ್ಬರ್ ಕೈಗವಸು ಹಾಕಿಕೊಂಡೇ ಮುಟ್ಟಿ. ಕತ್ತರಿಸುವಾಗ, ಕರಗಿಸುವಾಗ ಕಣ್ಣಿಗೆ ರಕ್ಷಣಾ ಕನ್ನಡಕ ಇರಲಿ. ಬಿಲ್ಲೆಯಿಂದ ದ್ರವ ಒಸರುತ್ತಿದ್ದರೆ ಅದನ್ನು ಕ್ಷಾರವೆಂದೇ ಭಾವಿಸಿ ನಡೆದುಕೊಳ್ಳಿ.

ಚರ್ಮಕ್ಕೆ ತಾಗಿದರೆ ಹರಿಯುವ ತಣ್ಣೀರಿನಲ್ಲಿ ಕನಿಷ್ಠ 15ರಿಂದ 20 ನಿಮಿಷ ತೊಳೆಯಿರಿ. ವಿನೆಗರ್ ಅಥವಾ ನಿಂಬೆರಸ ಹಚ್ಚಬೇಡಿ. ಬೇಕಾಗಿರುವುದು ನೀರು ಮಾತ್ರ, ಅದೂ ತಡವಿಲ್ಲದೆ. ಕಣ್ಣಿಗೆ ಸಿಡಿದರೆ ರೆಪ್ಪೆ ಬಿಡಿಸಿ ಹಿಡಿದು ತೊಳೆಯುತ್ತಲೇ ಆಸ್ಪತ್ರೆಗೆ ಹೋಗುವ ಏರ್ಪಾಡು ಮಾಡಿ. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಬಾರದು. ಬಾಯಿ ಮುಕ್ಕಳಿಸಿ ನೇರ ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ನೆರಡು ಮಾತು. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕೆ ಸುರಿಯಬಾರದು. ಸುರಿದರೆ ಒಮ್ಮೆಲೇ ಕುದಿದು ಚಿಮ್ಮುತ್ತದೆ. ಅಲ್ಯೂಮಿನಿಯಂ ಪಾತ್ರೆ, ಸೌಟು ಯಾವುದೂ ಬೇಡ. ಕ್ಷಾರ ಅಲ್ಯೂಮಿನಿಯಂ ಅನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಬಿಸಿ ತಾಳುವ ಪಾಲಿಪ್ರೊಪಿಲೀನ್ ಪಾತ್ರೆ ಸಾಕು.

ಯಾವ ಲಕ್ಷಣವಾದರೂ ಮೊದಲು ನೋಡಬೇಕಾದದ್ದು

ಖರ್ಚಿಲ್ಲದ ಪರೀಕ್ಷೆಗಳಿಂದ ತೊಡಗಿ. ನೀವು ಬರೆದಿಟ್ಟ ಅಳತೆಯ ಹಾಳೆಯನ್ನು ತೆಗೆದು, ಎಣ್ಣೆಯನ್ನು ಗ್ರಾಂನಲ್ಲಿ ತೂಗಿದ್ದೀರೋ ಮಿಲಿಲೀಟರ್‌ನಲ್ಲಿ ಅಳೆದಿದ್ದೀರೋ ನೋಡಿ. 500 ಮಿಲಿಲೀಟರ್ ಎಣ್ಣೆ 500 ಗ್ರಾಂ ಇರುವುದಿಲ್ಲ, ಸುಮಾರು 460 ಗ್ರಾಂ ಇರುತ್ತದೆ. 500 ಗ್ರಾಂ ಎಣ್ಣೆಗೆ ಲೆಕ್ಕ ಹಾಕಿದ ಸೋಡಾವನ್ನು ಇದಕ್ಕೆ ಹಾಕಿದರೆ, ಶೇ. 5ರಷ್ಟು ಎಣ್ಣೆ ಹೆಚ್ಚು ಉಳಿಯಲಿ ಎಂದು ಇಟ್ಟುಕೊಂಡ ಅಂತರ ಪೂರ್ತಿ ಅಳಿಸಿಹೋಗಿ ಸೋಡಾವೇ ಹೆಚ್ಚಾಗುತ್ತದೆ.

ಎರಡನೆಯ ಪ್ರಶ್ನೆ: ಎಣ್ಣೆ ಬದಲಿಸಿದಾಗ ಸೋಡಾದ ಲೆಕ್ಕವನ್ನೂ ಬದಲಿಸಿದಿರಾ? ಒಂದೊಂದು ಎಣ್ಣೆಗೆ ಬೇಕಾಗುವ ಸೋಡಾ ಬೇರೆ ಬೇರೆ. ಒಂದು ಗ್ರಾಂ ತೆಂಗಿನ ಎಣ್ಣೆಗೆ ಸುಮಾರು 0.183 ಗ್ರಾಂ, ಆಲಿವ್ ಎಣ್ಣೆಗೆ 0.135, ತಾಳೆ ಎಣ್ಣೆಗೆ 0.142, ಹರಳೆಣ್ಣೆಗೆ 0.128. ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. 150 ಗ್ರಾಂ ತೆಂಗಿನ ಎಣ್ಣೆ, 300 ಗ್ರಾಂ ಆಲಿವ್ ಎಣ್ಣೆ, 50 ಗ್ರಾಂ ಹರಳೆಣ್ಣೆ ಇದ್ದರೆ ಬೇಕಾಗುವುದು 27.45 + 40.5 + 6.4, ಅಂದರೆ 74.35 ಗ್ರಾಂ ಸೋಡಾ. ಶೇ. 5 ಕಡಿತ ಮಾಡಿದರೆ 70.6 ಗ್ರಾಂ. ಈಗ ತೆಂಗಿನ ಎಣ್ಣೆ ಮುಗಿದಿದೆಯೆಂದು ಅದರ ಬದಲಿಗೂ ಆಲಿವ್ ಎಣ್ಣೆಯನ್ನೇ ಹಾಕಿ, ಸೋಡಾವನ್ನು ಮಾತ್ರ 70.6 ಗ್ರಾಂ ಆಗಿಯೇ ಉಳಿಸಿಕೊಂಡಿರಿ ಎನ್ನಿ. ಆ ಮಿಶ್ರಣ ಒಟ್ಟು ಅರಗಿಸಿಕೊಳ್ಳಬಲ್ಲದ್ದೇ 67.15 ಗ್ರಾಂ. ಉಳಿದ ಮೂರೂವರೆ ಗ್ರಾಂ ಸೋಡಾ ಬಿಲ್ಲೆಯಲ್ಲಿ ಹಾಗೆಯೇ ಇರುತ್ತದೆ. ಎಣ್ಣೆಯ ಒಟ್ಟು ತೂಕ ಒಂದು ಗ್ರಾಂ ಕೂಡ ಬದಲಾಗಿಲ್ಲ, ಆದರೂ ಸಾಬೂನು ಮೈಗೆ ಹಚ್ಚಲು ಬಾರದ್ದಾಯಿತು.

ಮೂರನೆಯದು ತಕ್ಕಡಿ. ಸಣ್ಣ ಪ್ರಮಾಣದಲ್ಲಿ ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು. 500 ಗ್ರಾಂ ಎಣ್ಣೆಯ ಸಾಬೂನಿನಲ್ಲಿ ಒಂದು ಗ್ರಾಂ ಸೋಡಾ ಹೆಚ್ಚಾದರೆ ಸಹಿಸಬಹುದು. 100 ಗ್ರಾಂ ಎಣ್ಣೆಗೆ ಬೇಕಾಗುವುದೇ ಸುಮಾರು 14 ಗ್ರಾಂ ಸೋಡಾ. ಅಲ್ಲಿ ಒಂದು ಗ್ರಾಂ ಎಂದರೆ ಶೇ. 7. ಪೂರ್ಣ ಗ್ರಾಂ ಮಾತ್ರ ತೋರಿಸುವ ತಕ್ಕಡಿಯಲ್ಲಿ ಅಷ್ಟು ಕಡಿಮೆ ಸಾಬೂನು ಮಾಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ತಕ್ಕಡಿಯ ಬ್ಯಾಟರಿ ಬದಲಿಸಿ, ತೂಕ ಗೊತ್ತಿರುವ ಯಾವುದಾದರೂ ವಸ್ತುವನ್ನಿಟ್ಟು ಪರೀಕ್ಷಿಸಿ.

ಕೊನೆಯದಾಗಿ ಡಬ್ಬಗಳ ಮೇಲಿನ ಚೀಟಿ ಓದಿ. ಬೇಕಾಗಿರುವುದು ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ. ಬಟ್ಟೆ ಒಗೆಯುವ ವಾಷಿಂಗ್ ಸೋಡಾ, ಅಡುಗೆ ಸೋಡಾ ಎರಡೂ ಬೇರೆ ವಸ್ತುಗಳು, ಅವುಗಳಿಂದ ಸಾಬೂನು ಕಟ್ಟುವುದಿಲ್ಲ. ಚರಂಡಿ ಶುದ್ಧಿ ಮಾಡುವ ಪುಡಿಯಲ್ಲಿ ಅಲ್ಯೂಮಿನಿಯಂ ಚೂರುಗಳು ಮತ್ತು ಇತರ ರಾಸಾಯನಿಕಗಳು ಸೇರಿರಬಹುದು. ಅದನ್ನು ಬಳಸಿದ್ದರೆ ಮುಂದಿನ ಪರೀಕ್ಷೆಗಳೇ ಬೇಡ, ಆ ಸಾಬೂನನ್ನು ಕೈಬಿಡಿ.

ಎಷ್ಟು ಕಲಕಿದರೂ ಹದಕ್ಕೆ ಬರುವುದಿಲ್ಲ

ಸೌಟಿನಿಂದ ಸುರಿದ ಗೆರೆ ಮೇಲ್ಮೈಯಲ್ಲಿ ಕ್ಷಣಕಾಲ ಉಳಿಯುವ ಹದವನ್ನು ಟ್ರೇಸ್ ಎನ್ನುತ್ತಾರೆ. ಅದು ಬಾರದಿದ್ದರೆ ಮೊದಲು ತಾಳ್ಮೆಯನ್ನೇ ಪರೀಕ್ಷಿಸಿ. ಆಲಿವ್ ಎಣ್ಣೆ ಹೆಚ್ಚಿರುವ ಮಿಶ್ರಣವನ್ನು ಕೈಯಲ್ಲಿ ಕಲಕಿದರೆ ಒಂದು ಗಂಟೆಗೂ ಮೀರಿ ಹಿಡಿಯಬಹುದು. ಹ್ಯಾಂಡ್ ಬ್ಲೆಂಡರ್‌ನಲ್ಲಿ ಕೆಲವೇ ನಿಮಿಷ.

ಬ್ಲೆಂಡರ್‌ಗೂ ಬಗ್ಗದಿದ್ದರೆ ಸೋಡಾದ ಡಬ್ಬ ತೆರೆದು ನೋಡಿ. ಬಿಡಿಬಿಡಿಯಾಗಿರಬೇಕಾದ ಹರಳುಗಳು ಹೆಂಟೆಗಟ್ಟಿದ್ದರೆ ಅದು ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡ್ ಅನ್ನೂ ಹೀರಿ ಬಲ ಕಳೆದುಕೊಂಡಿದೆ. ನೀವು ತೂಗಿದ 70 ಗ್ರಾಂನಲ್ಲಿ ನಿಜವಾದ ಸೋಡಾ ಎಷ್ಟಿತ್ತೆಂದು ಲೆಕ್ಕ ಸಿಗುವುದಿಲ್ಲ. ಹೊಸ ಡಬ್ಬ ತಂದು, ಬಿಗಿ ಮುಚ್ಚಳದಲ್ಲಿಡುವುದೇ ದಾರಿ.

ಇದೂ ಅಲ್ಲವಾದರೆ ಸಂಶಯ ಎಣ್ಣೆಯ ಮೇಲೆ. ತಲೆಗೆ ಹಚ್ಚುವ ಸುವಾಸಿತ ಎಣ್ಣೆಗಳಲ್ಲಿ ಅನೇಕವು ಖನಿಜ ತೈಲ ಬೆರೆತವು. ಖನಿಜ ತೈಲ, ಪ್ಯಾರಾಫಿನ್ ಮೇಣ ಯಾವ ಕಾಲಕ್ಕೂ ಸಾಬೂನಾಗುವುದಿಲ್ಲ. ತೆಂಗಿನ ಎಣ್ಣೆಯನ್ನು ಪರೀಕ್ಷಿಸುವುದು ಸುಲಭ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಒಂದು ಲೋಟವನ್ನು ಫ್ರಿಜ್‌ನಲ್ಲಿಡಿ. ಇಡೀ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟದೆ ಒಂದು ಪದರ ದ್ರವವಾಗಿಯೇ ನಿಂತರೆ ಅದರಲ್ಲಿ ಬೇರೇನೋ ಬೆರೆತಿದೆ. ಎಂದೂ ಹೆಪ್ಪುಗಟ್ಟದ ಫ್ರ್ಯಾಕ್ಷನೇಟೆಡ್ ತೆಂಗಿನ ಎಣ್ಣೆಯೂ ಮಾರಾಟದಲ್ಲಿದೆ. ಅದಕ್ಕೆ ಬೇಕಾಗುವ ಸೋಡಾ ಪ್ರತಿ ಗ್ರಾಂಗೆ ಸುಮಾರು 0.23, ಸಾಮಾನ್ಯ ತೆಂಗಿನ ಎಣ್ಣೆಯ ಲೆಕ್ಕ ಅದಕ್ಕೆ ಒಪ್ಪುವುದಿಲ್ಲ.

ಸುರಿಯುವ ಮೊದಲೇ ಪಾತ್ರೆಯಲ್ಲಿ ಗಟ್ಟಿಯಾಯಿತು

ಇದಕ್ಕೆ ಬಹುತೇಕ ಯಾವಾಗಲೂ ಕಾರಣ ಸುವಾಸನೆ. ಲವಂಗದ ಎಣ್ಣೆ, ದಾಲ್ಚಿನ್ನಿ ಎಣ್ಣೆ ಬಿದ್ದ ಕೂಡಲೇ ಮಿಶ್ರಣ ಬಿಗಿಯುತ್ತದೆ. ಕೃತಕ ಸುಗಂಧಗಳಲ್ಲಿ, ಅದರಲ್ಲೂ ಹೂವಿನ ಪರಿಮಳದವುಗಳಲ್ಲಿ, ಹಲವು ಹೀಗೆಯೇ ಮಾಡುತ್ತವೆ. ಮುಂದಿನ ಬಾರಿ ಒಂದು ಸಣ್ಣ ಲೋಟ ಮಿಶ್ರಣಕ್ಕೆ ಮಾತ್ರ ಸುವಾಸನೆ ಬೆರೆಸಿ ಐದು ನಿಮಿಷ ಕಾದು ನೋಡಿ. ಸುವಾಸನೆ ಹಾಕದ ಭಾಗ ತೆಳ್ಳಗೇ ಇದ್ದು ಲೋಟದ್ದು ಬಿಗಿದರೆ ಅಪರಾಧಿ ಸಿಕ್ಕಿತು.

ಸುವಾಸನೆ ಹಾಕದಿದ್ದರೂ ಬಿಗಿದರೆ ಬಿಸಿಯನ್ನು ಗಮನಿಸಿ. ಎಣ್ಣೆ ಮತ್ತು ದ್ರಾವಣ ಎರಡೂ 35ರಿಂದ 45 ಡಿಗ್ರಿಯೊಳಗಿದ್ದರೆ ಕೆಲಸಕ್ಕೆ ಸಮಯ ಸಿಗುತ್ತದೆ. ಜೇನುಮೇಣ ಅಥವಾ ಸ್ಟಿಯರಿಕ್ ಆಮ್ಲ ಹಾಕಿದ್ದರೆ ಮಿಶ್ರಣ ಬೇಗ ಬಿಗಿಯುವುದು ಅವುಗಳ ಸ್ವಭಾವ.

ಬಿಗಿದ ಸಾಬೂನು ಕೆಟ್ಟದ್ದೆಂದೇನೂ ಅಲ್ಲ. ಅಚ್ಚಿಗೆ ಒತ್ತಿ ತುಂಬಿ, ಮಾಗಿಸಿ; ಅಂದ ಕಡಿಮೆ, ಗುಣ ಸರಿಯಾಗಿಯೇ ಇರುತ್ತದೆ. ಆದರೆ ಇದಕ್ಕೆ ವಿರುದ್ಧವಾದ ಮೋಸವೊಂದಿದೆ. ಕೋಕೋ ಬೆಣ್ಣೆ, ತಾಳೆ ಎಣ್ಣೆಯಂತಹ ಗಟ್ಟಿ ಕೊಬ್ಬುಗಳು ತಣ್ಣಗಿನ ಪಾತ್ರೆಯಲ್ಲಿ ಹೆಪ್ಪುಗಟ್ಟಿ, ಟ್ರೇಸ್ ಬಂದ ಭ್ರಮೆ ಹುಟ್ಟಿಸುತ್ತವೆ. ಸಂಶಯವಿದ್ದರೆ ಪಾತ್ರೆಯನ್ನು ಸ್ವಲ್ಪ ಬೆಚ್ಚಗೆ ಮಾಡಿ. ಮತ್ತೆ ನೀರಾದರೆ ಅದು ನಿಜವಾದ ಹದವಲ್ಲ, ಕಲಕುವುದನ್ನು ಮುಂದುವರಿಸಬೇಕು.

ದಿನಗಳಾದರೂ ಮೆತ್ತಗೆ, ಅಂಟು ಅಂಟು

ಬೆರಳೊತ್ತಿದರೆ ಗುಳಿ ಬೀಳುವ ಸಾಬೂನನ್ನು ಮೊದಲು ಹಾಗೆಯೇ ಬಿಟ್ಟು ನೋಡಿ. ನೀರು ಹೆಚ್ಚಾಗಿದ್ದರೆ ವಾರ ಕಳೆದಂತೆ ಆರುತ್ತದೆ. ಒಂದು ಬಿಲ್ಲೆಯನ್ನು ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುತ್ತಿರುವವರೆಗೂ ನೀರು ಹೊರಹೋಗುತ್ತಿದೆ ಎಂದರ್ಥ. ತೂಕ ನಿಂತ ಮೇಲೂ ಮೆತ್ತಗಿದ್ದರೆ ದೋಷ ಸಾಮಗ್ರಿಯದು.

ನೀರು ಎಷ್ಟು ಹಾಕಿದಿರಿ? ಸೋಡಾದ ತೂಕದ ಎರಡು ಪಟ್ಟು ನೀರು ಬಹುತೇಕ ಮಿಶ್ರಣಗಳಿಗೆ ಸರಿಹೋಗುತ್ತದೆ. ಮೂರು ಪಟ್ಟಾದರೆ ಮಾಗಲು ಬಹಳ ಕಾಲ ಬೇಕು. ಎಣ್ಣೆಗಳ ಪಟ್ಟಿಯಲ್ಲಿ ಸೂರ್ಯಕಾಂತಿ, ಅಕ್ಕಿ ತೌಡಿನ ಎಣ್ಣೆಯಂತಹ ದ್ರವ ಎಣ್ಣೆಗಳೇ ತುಂಬಿದ್ದರೆ ಬಿಲ್ಲೆ ಗಟ್ಟಿಯಾಗದು. ಅಲ್ಲಿ ತೆಂಗಿನ ಎಣ್ಣೆ, ತಾಳೆ ಎಣ್ಣೆ ಅಥವಾ ಕೋಕೋ ಬೆಣ್ಣೆಗೆ ಜಾಗ ಬೇಕು. ಹರಳೆಣ್ಣೆ ಶೇ. 10 ದಾಟಿದರೆ ಅಂಟು ಬರತೊಡಗುತ್ತದೆ. ದ್ರವ ಎಣ್ಣೆಗಳಲ್ಲಿ ಆಲಿವ್ ಎಣ್ಣೆ ಮಾತ್ರ ಅಪವಾದ. ಅದೊಂದರಿಂದಲೇ ಮಾಡಿದ ಸಾಬೂನು ಮೊದಲು ಮೆತ್ತಗಿದ್ದು, ಆರು ತಿಂಗಳು ಕಳೆದ ಮೇಲೆ ಕಲ್ಲಾಗುತ್ತದೆ. ಅದನ್ನು ಆರನೆಯ ವಾರಕ್ಕೆ ತೆಗೆದು ತೀರ್ಪು ಕೊಡುವುದು ಅನ್ಯಾಯ.

500 ಗ್ರಾಂ ಎಣ್ಣೆಗೆ ಐದು ಗ್ರಾಂ ಉಪ್ಪನ್ನು, ಸೋಡಾ ಹಾಕುವ ಮೊದಲೇ, ನೀರಿನಲ್ಲಿ ಕರಗಿಸಿದರೆ ಬಿಲ್ಲೆ ಬೇಗ ಬಿಗಿಯುತ್ತದೆ. ಹೆಚ್ಚು ಹಾಕಿದರೆ ನೊರೆ ಸಾಯುತ್ತದೆ.

ನಿಂಬೆರಸ, ವಿನೆಗರ್ ಹಾಕಿದ್ದರೆ ಮೆತ್ತಗಾಗುವುದಕ್ಕೆ ಅದೇ ಕಾರಣವಿರಬಹುದು. ಆಮ್ಲ ಮೊದಲು ಸೋಡಾವನ್ನೇ ನುಂಗುತ್ತದೆ. ಒಂದು ಗ್ರಾಂ ಒಣ ಸಿಟ್ರಿಕ್ ಆಮ್ಲ 0.62 ಗ್ರಾಂ ಸೋಡಾವನ್ನು ಕಬಳಿಸುತ್ತದೆ, ಶೇ. 5ರ ವಿನೆಗರ್ 100 ಗ್ರಾಂ ಹಾಕಿದರೆ 3.3 ಗ್ರಾಂ ಸೋಡಾ ಮಾಯ. ಅಷ್ಟನ್ನು ಲೆಕ್ಕಕ್ಕೆ ಸೇರಿಸದಿದ್ದರೆ ಎಣ್ಣೆ ಹಾಗೆಯೇ ಉಳಿದು ಬಿಲ್ಲೆ ಜಿಡ್ಡಾಗುತ್ತದೆ. ಸಾಬೂನಿನ ಕ್ಷಾರತೆಯನ್ನು ಚರ್ಮದ ಮಟ್ಟಕ್ಕೆ ಇಳಿಸುತ್ತೇನೆಂದು ಆಮ್ಲ ಸುರಿಯುವವರೂ ಇದ್ದಾರೆ. ನಿಜವಾದ ಸಾಬೂನಿನ ಪಿಎಚ್ ಸಹಜವಾಗಿಯೇ 9ರಿಂದ 10ರ ಆಸುಪಾಸಿನಲ್ಲಿರುತ್ತದೆ. ಅದನ್ನು ಎಳೆದು ಇಳಿಸಿದರೆ ಸಾಬೂನೇ ಒಡೆದು ಕೊಬ್ಬಿನ ಆಮ್ಲವಾಗುತ್ತದೆ.

ಮರದ ಬೂದಿಯಿಂದ ಬಸಿದ ಕ್ಷಾರನೀರಿನಲ್ಲಿ ಹಳೆಯ ಕ್ರಮದ ಸಾಬೂನು ಮಾಡಲು ಹೊರಟವರಿಗೆ ಒಂದು ಮಾತು. ಬೂದಿಯಲ್ಲಿರುವುದು ಪೊಟ್ಯಾಸಿಯಂ. ಪೊಟ್ಯಾಸಿಯಂ ಸಾಬೂನು ಹುಟ್ಟಿನಿಂದಲೇ ಮೆತ್ತಗೆ, ಅದನ್ನು ಎಷ್ಟು ಮಾಗಿಸಿದರೂ ಬಿಲ್ಲೆಯಾಗದು. ಹಿಂದಿನವರು ಕುದಿಯುವ ಸಾಬೂನಿಗೆ ಉಪ್ಪು ಸುರಿದು ಗಟ್ಟಿ ಭಾಗವನ್ನು ಮೇಲಕ್ಕೆ ತೇಲಿಸಿಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ. ಬೂದಿನೀರಿನ ಬಲ ಪ್ರತಿ ಬಾರಿ ಬದಲಾಗುವುದರಿಂದ ಮೇಲಿನ ಲೆಕ್ಕಗಳು ಅದಕ್ಕೆ ಅನ್ವಯಿಸುವುದಿಲ್ಲ.

ಕತ್ತರಿಸಿದರೆ ಪುಡಿಯಾಗುತ್ತದೆ, ಒಳಗೆ ಬಿಳಿ ಗಂಟು, ನಾಲಿಗೆಗೆ ಚುರುಕು

ಎಲ್ಲಕ್ಕಿಂತ ಗಂಭೀರವಾದ ಲಕ್ಷಣ ಇದು, ನಿಧಾನವಾಗಿ ನೋಡಿ. ಕತ್ತರಿಸಿದ ಮುಖವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಬಿಳಿ ಗಂಟು ಇದ್ದಲ್ಲಿ ಕೈಗವಸು ಹಾಕಿದ ಬೆರಳಿಂದ ಒತ್ತಿ. ಜಿಡ್ಡಾಗಿ ಕರಗಿದರೆ ಅದು ಸರಿಯಾಗಿ ಕರಗದ ಗಟ್ಟಿ ಕೊಬ್ಬು, ಅಪಾಯವಿಲ್ಲ. ಗರಗರ ಒಡೆದರೆ, ಅಥವಾ ಸುತ್ತ ತೇವದ ಉಂಗುರ ಕಟ್ಟಿ ತಿಳಿಯಾದ ಹನಿ ಒಸರಿದರೆ ಅದು ಸೋಡಾ. ಅಂತಹ ಬಿಲ್ಲೆಯನ್ನು ನಾಲಿಗೆ ಪರೀಕ್ಷೆಗೆ ಒಡ್ಡಲೇಬೇಡಿ.

ಗಂಟು, ಹನಿ ಏನೂ ಕಾಣದಿದ್ದರೆ ಮಾತ್ರ, ಮೂರ್ನಾಲ್ಕು ದಿನ ಕಳೆದ ಬಿಲ್ಲೆಯ ಮೇಲೆ ಒದ್ದೆ ಬೆರಳನ್ನು ಉಜ್ಜಿ, ಆ ಬೆರಳನ್ನು ನಾಲಿಗೆಯ ತುದಿಗೆ ತಾಗಿಸಿ ಕೂಡಲೇ ಉಗುಳಿ ಬಾಯಿ ತೊಳೆಯಿರಿ. ಸಾಬೂನಿನ ಕಹಿ ಮಾತ್ರ ತಿಳಿದರೆ ಸರಿ. ಬ್ಯಾಟರಿಯ ತುದಿ ತಾಗಿಸಿದಂತೆ ಚುರ್ರೆಂದರೆ ಸೋಡಾ ಉಳಿದಿದೆ. ಒಂದೇ ಜಾಗ ನಂಬದೆ ಬಿಲ್ಲೆಯ ನಡು, ಅಂಚು ಎರಡನ್ನೂ ನೋಡಿ. ನಾಲಿಗೆಗೆ ಮುಟ್ಟಿಸಲು ಮನಸ್ಸಿಲ್ಲದವರು ಫೀನಾಲ್ಫ್ಥಲೀನ್ ದ್ರಾವಣದ ಒಂದು ಹನಿ ಬಿಡಬಹುದು. ಕಡುಗೆಂಪು ಗುಲಾಬಿ ಬಣ್ಣ ಬಂದರೆ ಸಂಶಯ ಬಲವಾಗುತ್ತದೆ. ತೆಳು ಗುಲಾಬಿ ಸಾಬೂನಿನ ಸಹಜ ಕ್ಷಾರತೆಯಿಂದಲೂ ಬರುತ್ತದೆ. ಅಗ್ಗದ ಪಿಎಚ್ ಕಾಗದದ ಪಟ್ಟಿಗಳನ್ನು ನಾನು ಈ ಕೆಲಸಕ್ಕೆ ನಂಬುವುದಿಲ್ಲ. ಸಾಬೂನಿನ ಮೇಲೆ ಅವು ತೋರಿಸುವ ಅಂಕಿ ತಪ್ಪುದಾರಿ ಹಿಡಿಸುವುದೇ ಹೆಚ್ಚು.

ಚುರುಕು ಹಗುರವಾಗಿದ್ದರೆ ವಾರ ಬಿಟ್ಟು ಮತ್ತೆ ನೋಡಿ, ಹಲವು ಬಾರಿ ಅದು ಅಷ್ಟರಲ್ಲಿ ಇಳಿದಿರುತ್ತದೆ. ಆರು ವಾರವಾದರೂ ಇದ್ದರೆ ಅಳತೆಯ ಹಾಳೆಗೆ ಮರಳಿ. ಎಲ್ಲಿ ಎಷ್ಟು ಹೆಚ್ಚಾಯಿತೆಂದು ಅಂಕಿಯಲ್ಲಿ ಹೇಳಬಲ್ಲಿರಾದರೆ ಉಳಿಸಬಹುದು. ಅದರ ಕ್ರಮ ಕೊನೆಯಲ್ಲಿದೆ.

ಮೇಲ್ಮೈಯಲ್ಲಿ ಬಿಳಿ ಪುಡಿ

ಗಾಳಿಗೆ ತೆರೆದ ಮುಖದ ಮೇಲೆ ಮಾತ್ರ ತೆಳ್ಳನೆಯ ಬೂದಿಯಂತಹ ಪದರ ಬಂದರೆ ಅದು ಸೋಡಿಯಂ ಕಾರ್ಬೊನೇಟ್. ಇನ್ನೂ ಕೂಡದ ಸೋಡಾ ಗಾಳಿಯ ಇಂಗಾಲದ ಡೈಆಕ್ಸೈಡ್‌ನೊಂದಿಗೆ ಸೇರಿ ಆದದ್ದು. ಹೆರೆದು ತೆಗೆದು, ಕೆಳಗಿನ ಸಾಬೂನನ್ನು ನಾಲಿಗೆ ಪರೀಕ್ಷೆ ಮಾಡಿ. ಚುರುಕಿಲ್ಲದಿದ್ದರೆ ಚಿಂತೆ ಬೇಡ. ಹಬೆ ಹಾಯಿಸಿದರೂ ಹೋಗುತ್ತದೆ. ಮುಂದಿನ ಬಾರಿ ನೀರು ಕಡಿಮೆ ಮಾಡಿ, ಅಚ್ಚನ್ನು ಮುಚ್ಚಿಡಿ.

ಕಿತ್ತಳೆ ಚುಕ್ಕೆ, ಕಮಟು ವಾಸನೆ

ತಿಂಗಳುಗಟ್ಟಲೆ ಚೆನ್ನಾಗಿದ್ದ ಬಿಲ್ಲೆಯಲ್ಲಿ ಒಂದು ದಿನ ಸೂಜಿಮೊನೆಯಷ್ಟು ಕಿತ್ತಳೆ ಚುಕ್ಕೆ ಕಾಣುತ್ತದೆ. ಕೆಲವೊಮ್ಮೆ ಅದರ ಮೇಲೆ ಎಣ್ಣೆಯ ಒಂದು ಕಣ ಹೊಳೆಯುತ್ತಿರುತ್ತದೆ. ಮೂಗಿಗೆ ಹಿಡಿದರೆ ಹಳೆಯ ಎಣ್ಣೆಯ ಕಮಟು. ಎಣ್ಣೆ ಗಾಳಿಯ ಆಮ್ಲಜನಕದಿಂದ ಕೆಟ್ಟಿರುವುದರ ಗುರುತು ಇದು.

ಮೊದಲು ಉಳಿದ ಎಣ್ಣೆಯ ಬಾಟಲಿ ಮೂಸಿ ನೋಡಿ, ದಿನಾಂಕ ನೋಡಿ. ಹಳೆಯ ಎಣ್ಣೆಯನ್ನು ಹೇಗಾದರೂ ಖರ್ಚು ಮಾಡಬೇಕೆಂದು ಸಾಬೂನಿಗೆ ಹಾಕುವುದು ಈ ಕಸುಬಿನ ಅತಿ ದುಬಾರಿ ಉಳಿತಾಯ. ಎಣ್ಣೆ ಹೊಸದಾಗಿದ್ದರೆ ಅದರ ಜಾತಿಯನ್ನು ವಿಚಾರಿಸಿ. ಬೇಗ ಕೆಡುವುದು ಲಿನೋಲೀಕ್ ಮತ್ತು ಲಿನೋಲೆನಿಕ್ ಆಮ್ಲ ಹೆಚ್ಚಿರುವ ಎಣ್ಣೆಗಳು. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೋಲೀಕ್ ಶೇ. 60ರ ಮೇಲಿರುತ್ತದೆ, ಅಕ್ಕಿ ತೌಡಿನ ಎಣ್ಣೆಯಲ್ಲಿ ಸುಮಾರು ಶೇ. 35, ಆಲಿವ್ ಎಣ್ಣೆಯಲ್ಲಿ ಸುಮಾರು ಶೇ. 10, ತೆಂಗಿನ ಎಣ್ಣೆಯಲ್ಲಿ ಶೇ. 2ರ ಆಸುಪಾಸು. ಅಗಸೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಲಿನೋಲೆನಿಕ್. ಇಡೀ ಮಿಶ್ರಣದಲ್ಲಿ ಈ ಎರಡು ಆಮ್ಲಗಳ ಪಾಲು ಶೇ. 15 ದಾಟದಿರುವುದು ಕ್ಷೇಮ. ಸೂರ್ಯಕಾಂತಿ ಎಣ್ಣೆ ಶೇ. 20 ಹಾಕಿದರೆ ಅದೊಂದರಿಂದಲೇ ಶೇ. 12–13 ತುಂಬಿಬಿಡುತ್ತದೆ. ಓಲೀಕ್ ಆಮ್ಲ ಹೆಚ್ಚಿರುವ ಸೂರ್ಯಕಾಂತಿ ಎಣ್ಣೆ ಬೇರೆಯೇ ಸಿಗುತ್ತದೆ. ಹೆಸರು ಒಂದೇ ಆದರೂ ಬಾಳಿಕೆ ಬೇರೆ. ಬಾಟಲಿಯ ಮೇಲೆ ಅದನ್ನು ನಮೂದಿಸಿದ್ದನ್ನೇ ಆರಿಸಿ.

ಎಣ್ಣೆಯಲ್ಲಿ ತಪ್ಪು ಸಿಗದಿದ್ದರೆ ನೀರು ಮತ್ತು ಲೋಹ. ಕಬ್ಬಿಣ, ತಾಮ್ರದ ಅಂಶ ಅತ್ಯಲ್ಪವಿದ್ದರೂ ಕೆಡುವಿಕೆಯನ್ನು ವೇಗಗೊಳಿಸುತ್ತದೆ. ಕೊಳವೆ ಬಾವಿಯ ನೀರಿನ ಬದಲು ಬಟ್ಟಿ ಇಳಿಸಿದ ನೀರು ಬಳಸಿ. ಬಿಲ್ಲೆಗಳನ್ನು ತುಕ್ಕು ಹಿಡಿಯುವ ತಂತಿ ಜಾಲರಿಯ ಮೇಲೆ ಒಣಗಿಸಬೇಡಿ. ಚುಕ್ಕೆಗಳು ಜಾಲರಿಯ ಗೆರೆಯನ್ನೇ ಅನುಸರಿಸಿ ಮೂಡಿದ್ದರೆ ಕಾರಣ ಕಣ್ಣೆದುರೇ ಇದೆ. ಹೆಚ್ಚುವರಿ ಎಣ್ಣೆಯನ್ನು ಶೇ. 5ಕ್ಕೆ ಮಿತಿಗೊಳಿಸಿ. ಚುಕ್ಕೆ ಬಿದ್ದ ಬಿಲ್ಲೆಯನ್ನು ಉಳಿದವುಗಳಿಂದ ದೂರವಿಡಿ. ಚುಕ್ಕೆ ಒಂದೆರಡಿದ್ದರೆ ಕೆತ್ತಿ ತೆಗೆದು ಬಟ್ಟೆ ಒಗೆಯಲು ಬಳಸಬಹುದು.

ಹಾಕಿದ ಬಣ್ಣ ಒಂದು, ಬಂದ ಬಣ್ಣ ಇನ್ನೊಂದು

ಕ್ಷಾರದ ಎದುರು ಹೂವು, ಹಣ್ಣುಗಳ ಬಣ್ಣ ನಿಲ್ಲುವುದು ಅಪರೂಪ. ದಾಸವಾಳ, ಬೀಟ್‌ರೂಟ್ ಎರಡೂ ಕಂದಾಗುತ್ತವೆ. ಅರಿಶಿನ ಕ್ಷಾರದಲ್ಲಿ ಕೆಂಪಗೆ ತಿರುಗಿ, ಮಾಗಿದಂತೆ ಹಳದಿಗಂದಿಗೆ ಇಳಿದು, ಬೆಳಕಿನಲ್ಲಿ ಮಾಸುತ್ತದೆ. ಬೇವಿನ ಎಲೆಯ ಹಸಿರು ಕೂಡ ಉಳಿಯದು. ನಿಲ್ಲುವವು ಜೇಡಿಮಣ್ಣುಗಳು, ಇದ್ದಿಲ ಪುಡಿ, ನೀಲಿ ಗಿಡದ ಬಣ್ಣ (ಇಂಡಿಗೊ). ಹೂದಳಗಳಲ್ಲಿ ಕ್ಯಾಲೆಂಡುಲಾ ಒಂದೇ ತನ್ನ ಹಳದಿಯನ್ನು ಚೆನ್ನಾಗಿ ಉಳಿಸಿಕೊಳ್ಳುತ್ತದೆ. ಗುಲಾಬಿ ದಳ ವಾರದೊಳಗೆ ಕಂದು.

ಬಣ್ಣವೇ ಹಾಕದೆ ಕಂದಾಗಿದ್ದರೆ ಸುವಾಸನೆಯಲ್ಲಿ ವ್ಯಾನಿಲಿನ್ ಇದೆಯೇ ನೋಡಿ. ಹಾಲಿನ ಸಾಬೂನು ಕಿತ್ತಳೆಗೆ ತಿರುಗಿ ಅಮೋನಿಯಾ ವಾಸನೆ ಬಂದರೆ ಹಾಲು ಸೋಡಾದ ಕಾವಿಗೆ ಸುಟ್ಟಿದೆ. ವಾಸನೆ ದಿನಗಳಲ್ಲಿ ಹೋಗುತ್ತದೆ, ಬಣ್ಣ ಹೋಗದು. ಹಾಲನ್ನು ಮಂಜುಗಡ್ಡೆ ಮಾಡಿ, ಅದರ ಮೇಲೆ ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಉದುರಿಸಿದರೆ ಇದು ತಪ್ಪುತ್ತದೆ. ಬಿಲ್ಲೆಯೊಳಗೆ ನದಿಗಳ ನಕ್ಷೆಯ ಹಾಗೆ ಕಾಣುವ ಅರೆಪಾರದರ್ಶಕ ಗೆರೆಗಳು ಮಾತ್ರ ದೋಷವೇ ಅಲ್ಲ. ಹೆಚ್ಚು ನೀರು ಮತ್ತು ಹೆಚ್ಚು ಕಾವು ಸೇರಿದಾಗ ಅವು ಮೂಡುತ್ತವೆ.

ಅಚ್ಚಿನಲ್ಲೇ ಬಿರುಕು, ಉಬ್ಬಿ ಉಕ್ಕುವುದು

ನಡುವೆ ಉಬ್ಬಿ ಸೀಳಿದರೆ ಒಳಗಿನ ಕಾವು ಮಿತಿ ಮೀರಿದೆ. ಜೇನು, ಸಕ್ಕರೆ, ಹಾಲು ಎಲ್ಲವೂ ಕಾವು ಏರಿಸುತ್ತವೆ. 500 ಗ್ರಾಂ ಎಣ್ಣೆಗೆ ಒಂದು ಟೀ ಚಮಚ ಜೇನು ಸಾಕು, ಅದರ ಜೊತೆ ಹಾಲು ಬೇಡ, ಹೊದಿಕೆಯೂ ಬೇಡ. ಉಕ್ಕುತ್ತಿರುವ ಸಾಬೂನು ಬಿಸಿಯೂ ಹೌದು, ಕ್ಷಾರವೂ ಹೌದು. ಮಕ್ಕಳನ್ನು ದೂರ ಕಳುಹಿಸಿ, ಕೈಗವಸು ಹಾಕಿ, ಅಚ್ಚಿನಡಿ ಅಗಲವಾದ ತಟ್ಟೆಯಿಟ್ಟು, ತಣ್ಣಗಿನ ಗಾಳಿ ಬೀಸುವಲ್ಲಿಡಿ. ಉಬ್ಬದೆ ಬರೀ ಬಿರುಕು ಬಿಟ್ಟಿದ್ದರೆ ಗಟ್ಟಿ ಬೆಣ್ಣೆ, ಮೇಣ ಹೆಚ್ಚಾಗಿದೆ, ಅಥವಾ ಒಣ ಜೇಡಿಮಣ್ಣು ನೀರನ್ನು ಹೀರಿದೆ.

ನೊರೆ ಬರುವುದಿಲ್ಲ

ಬಿಲ್ಲೆಯನ್ನು ದೂರುವ ಮುನ್ನ ನೀರನ್ನು ಪರೀಕ್ಷಿಸಿ. ಅದೇ ಬಿಲ್ಲೆಯನ್ನು ಮಳೆನೀರಿನಲ್ಲೋ ಬಟ್ಟಿ ಇಳಿಸಿದ ನೀರಿನಲ್ಲೋ ಉಜ್ಜಿ. ಅಲ್ಲಿ ನೊರೆ ಬಂದರೆ ನಿಮ್ಮದು ಗಡಸು ನೀರು. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನೊಂದಿಗೆ ಸೇರಿ ಬಿಳಿ ಗಸಿಯಾಗುತ್ತಿವೆ. ಎಣ್ಣೆಯ ತೂಕದ ಶೇ. 1ರಿಂದ 2ರಷ್ಟು ಸಿಟ್ರಿಕ್ ಆಮ್ಲವನ್ನು, ಮೇಲೆ ಹೇಳಿದ ಲೆಕ್ಕದಂತೆ ಹೆಚ್ಚುವರಿ ಸೋಡಾ ಸಹಿತ, ಮುಂದಿನ ಸಾಬೂನಿಗೆ ಹಾಕಿದರೆ ಅದು ಸೋಡಿಯಂ ಸಿಟ್ರೇಟ್ ಆಗಿ ಗಸಿಯನ್ನು ಕಡಿಮೆ ಮಾಡುತ್ತದೆ.

ಮೆದು ನೀರಿನಲ್ಲೂ ನೊರೆ ಇಲ್ಲದಿದ್ದರೆ ತೆಂಗಿನ ಎಣ್ಣೆ ಕಡಿಮೆಯಾಗಿದೆ, ಇಲ್ಲವೇ ಉಳಿಕೆ ಎಣ್ಣೆ ಹೆಚ್ಚಾಗಿದೆ. ದೊಡ್ಡ ಗುಳ್ಳೆಯ ನೊರೆ ಬರುವುದು ತೆಂಗಿನ ಎಣ್ಣೆಯ ಲಾರಿಕ್ ಆಮ್ಲದಿಂದ. ಹರಳೆಣ್ಣೆ ಶೇ. 5ರಿಂದ 10 ಇದ್ದರೆ ಆ ನೊರೆ ಹೆಚ್ಚು ಹೊತ್ತು ನಿಲ್ಲುತ್ತದೆ.

ತೊಳೆದ ಮೇಲೆ ಚರ್ಮ ಬಿಗಿಯುತ್ತದೆ, ತುರಿಸುತ್ತದೆ

ಬಿಗಿತ ಬೇರೆ, ಉರಿ ಬೇರೆ. ಉರಿದರೆ ಬಳಕೆ ನಿಲ್ಲಿಸಿ ನಾಲಿಗೆ ಪರೀಕ್ಷೆಗೆ ಮರಳಿ. ಬರೀ ಬಿಗಿತವಾದರೆ ಮಾಗಿದ ದಿನ ಎಣಿಸಿ, ಆಮೇಲೆ ತೆಂಗಿನ ಎಣ್ಣೆಯ ಪಾಲು ನೋಡಿ. ನೊರೆ ಕೊಡುವ ಅದೇ ಲಾರಿಕ್ ಆಮ್ಲ ಚರ್ಮದ ಜಿಡ್ಡನ್ನೂ ಕಿತ್ತೊಯ್ಯುತ್ತದೆ. ಶೇ. 30 ದಾಟಿದರೆ ಒಣ ಚರ್ಮದವರಿಗೆ ಆಗಿಬರುವುದು ಕಷ್ಟ, 20ಕ್ಕೆ ಇಳಿಸಿ ನೋಡಿ. ತೆಂಗಿನ ಎಣ್ಣೆಯೊಂದರಿಂದಲೇ ಮಾಡುವುದಾದರೆ ಸೋಡಾವನ್ನು ಶೇ. 20ರಷ್ಟು ಕಡಿತ ಮಾಡಿದರೆ ಮೈಗೆ ಹಿತ.

ತುರಿಕೆಗೆ ಸುವಾಸನೆಯನ್ನೇ ಮೊದಲು ಶಂಕಿಸಬೇಕು. ಗಿಡಮೂಲಿಕೆಯದು ಎಂಬ ಮಾತ್ರಕ್ಕೆ ಎಣ್ಣೆ ಸೌಮ್ಯವಾಗದು. ಲವಂಗ, ದಾಲ್ಚಿನ್ನಿ ಎಣ್ಣೆಗಳನ್ನು ಅರ್ಧ ಶೇಕಡಾಕ್ಕಿಂತ ಮೇಲೆ ನಾನು ಹಾಕುವುದಿಲ್ಲ. ಉಳಿದವುಗಳಿಗೂ ಎಣ್ಣೆಯ ತೂಕದ ಶೇ. 3 ಮಿತಿ. ಸುವಾಸನೆ, ಬಣ್ಣ ಯಾವುದೂ ಇಲ್ಲದ ಬಿಲ್ಲೆಯೊಂದನ್ನು ಮಾಡಿ ಹೋಲಿಸಿದರೆ ಕಾರಣ ಬೇಗ ತಿಳಿಯುತ್ತದೆ. ಬಾದಾಮಿ, ಶೇಂಗಾ ಎಣ್ಣೆ ಬಳಸಿದ್ದರೆ ಇತರರಿಗೆ ಕೊಡುವಾಗ ಅದನ್ನು ಬರೆದೇ ಕೊಡಿ. ಗುಳ್ಳೆ, ಊತ, ಬಿಡದ ಕೆಂಪು ಕಂಡರೆ ಪ್ರಯೋಗ ಸಾಕು, ಚರ್ಮವೈದ್ಯರಿಗೆ ತೋರಿಸಿ. ಬಳಸಿದ ಸಾಮಗ್ರಿಗಳ ಪಟ್ಟಿಯನ್ನೂ ಕೊಂಡೊಯ್ಯಿರಿ.

ಮತ್ತೆ ಕರಗಿಸಿ ಉಳಿಸಬಹುದಾದದ್ದು, ಉಳಿಸಲಾಗದ್ದು

ಸೋಡಾ ಎಷ್ಟು ಹೆಚ್ಚಾಯಿತೆಂದು ಖಚಿತವಾಗಿ ಗೊತ್ತಿದ್ದರೆ, ಅದಕ್ಕೆ ತಕ್ಕ ಎಣ್ಣೆಯನ್ನು ಮೇಲಿನ ಅಂಕಿಗಳಿಂದ ಲೆಕ್ಕ ಹಾಕಿ. ಮೊದಲಿನ ಉದಾಹರಣೆಯಲ್ಲಿ ಹೆಚ್ಚಾದ 3.5 ಗ್ರಾಂ ಸೋಡಾಕ್ಕೆ ಸುಮಾರು 26 ಗ್ರಾಂ ಆಲಿವ್ ಎಣ್ಣೆ ಬೇಕು, ಅಂತರಕ್ಕಾಗಿ ಇನ್ನೂ 26 ಗ್ರಾಂ ಸೇರಿಸಬಹುದು. ಕೈಗವಸು ಹಾಕಿ ಬಿಲ್ಲೆಗಳನ್ನು ತುರಿದು, ಸ್ವಲ್ಪವೇ ನೀರು ಚಿಮುಕಿಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಮುಚ್ಚಳ ಹಾಕಿ ಮೆಲ್ಲನೆ ಕರಗಿಸಿ. ಎಣ್ಣೆ ಬೆರೆಸಿ, ಒಂದೇ ಹದವಾಗುವವರೆಗೆ ಕಲಕಿ ಅಚ್ಚಿಗೆ ಒತ್ತಿ. ಮಾಗಿದ ಮೇಲೆ ನಾಲಿಗೆ ಪರೀಕ್ಷೆಯನ್ನು ಪುನಃ ಮಾಡದೆ ಬಳಸಬಾರದು. ಸೋಡಾ ಕಡಿಮೆಯಾಗಿ ಜಿಡ್ಡಾದದ್ದಕ್ಕೆ ಮತ್ತೆ ಸೋಡಾ ಸೇರಿಸುವ ಕೆಲಸ ಹೊಸಬರಿಗೆ ಬೇಡ. ಅಂತಹದನ್ನು ತುರಿದು ಬಟ್ಟೆಗೆ ಬಳಸಿ.

ಎಷ್ಟು ಹೆಚ್ಚಾಯಿತೆಂದು ಗೊತ್ತಿಲ್ಲದ್ದು, ದ್ರವದ ಗುಳಿಗಳಿರುವುದು, ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾಡಿದ್ದು, ಚರಂಡಿ ಪುಡಿಯಿಂದ ಮಾಡಿದ್ದು ಇವು ನಾಲ್ಕನ್ನೂ ಉಳಿಸಲು ಹೋಗಬೇಡಿ. ಬಟ್ಟೆಗೂ ಬೇಡ, ಪಾತ್ರೆಗೂ ಬೇಡ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ, ಒಳಗೆ ಕಾಸ್ಟಿಕ್ ಸೋಡಾ ಇದೆ ಎಂದು ದೊಡ್ಡದಾಗಿ ಬರೆದು, ಮಕ್ಕಳಿಗೂ ಪ್ರಾಣಿಗಳಿಗೂ ಎಟುಕದಲ್ಲಿಟ್ಟು, ಅಪಾಯಕಾರಿ ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಿ.